ಉಂಗುರ ಯಾರ ಕಿಸೆಯೊಳಗ

ಸೌಂದರ್ಯಾಗೆ ‘ಮಾಯದ ಕಳ್ಳಿ’ ಅಂತ ಹೆಸರು ಬಿದ್ದದ್ದು ಎಂಟನೇ ಇಯತ್ತೆಯಲ್ಲಿ. ಇಟ್ಟವನು ಅದೇ ವರ್ಗದ ಶಿವಲಿಂಗ. ಆ ಹೆಸರನ್ನು ಅವನಿಗೇ ತಿರುಗಿ ಕೊಡಲು ಅವಳು ಮುಂದಿನ ವರ್ಷದ ತನಕ ಕಾದಳು. ಕಾದಷ್ಟು ದಿನವೂ ಕೈ ಕಟ್ಟಿಕೊಂಡು ಕೂಡಲಿಲ್ಲ.

ಅವಳ ಮನೆ ಕಲಬುರಗಿಯ ಅಂಚಿಗೆ, ಕಪನೂರಿನಲ್ಲಿ. ತಾಯಿ ಭಾಗಮ್ಮ ಅಲ್ಲಿಯ ಒಂದು ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಾಳೆ. ತಂದೆ ಸಾಯಬಣ್ಣ ಅದೇ ಮಿಲ್ಲಿನ ಟೆಂಪೋ ಓಡಿಸುತ್ತಾನೆ. ಬೀದರ, ಸೊಲ್ಲಾಪುರ ಅಂತ ಮನೆಗಿಂತ ರಸ್ತೆಯ ಮೇಲೆಯೇ ಹೆಚ್ಚು. ಹೀಗಾಗಿ ಶನಿವಾರ ಶಾಲೆ ಬಿಟ್ಟಿತೆಂದರೆ ಸೌಂದರ್ಯಾ ಬಸ್ಸು ಹತ್ತಿ ಕಮಲಾಪುರಕ್ಕೆ, ತಾಯಿಯ ತವರಿಗೆ ಹೋಗುವುದು ರೂಢಿ. ಅಲ್ಲಿ ಆಯಿ ಇದ್ದಾಳೆ, ತಾಯಿಯ ತಾಯಿ. ಆಯಿಯ ಮನೆಯ ಗೋಡೆಗೆ ಹತ್ತಿಕೊಂಡೇ ವಹಾಬ್ ಚಾಚಾನ ಮನೆ.

ವಹಾಬ್ ಚಾಚಾ ಪ್ರಾಯದಲ್ಲಿ ಜಾದೂ ಮಾಡುತ್ತಿದ್ದ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಹುಮನಾಬಾದ, ಚಿಂಚೋಳಿ, ಆಳಂದದ ಸಂತೆಗಳಲ್ಲಿ ಮಂದಿಯನ್ನು ಗುಂಡಗೆ ನಿಲ್ಲಿಸಿ ಆಡಿಸುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಊರಲ್ಲೇ ಉಳಿದ. ಈಗ ಹೈವೇ ಬದಿಗೆ ಬುಟ್ಟಿಯಿಟ್ಟು ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಾನೆ. ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವೆ ಎದುರಿಗೆ ಯಾವುದಾದರೂ ಕೂಸು ನಿಂತಿದ್ದರೆ ಅದರ ಕಿವಿಯ ಹಿಂದಿನಿಂದ ಒಂದು ನಿಂಬೆಹಣ್ಣು ತೆಗೆದು ಅದರ ಕೈಗೇ ಕೊಡುತ್ತಾನೆ. ಸೌಂದರ್ಯಾ ಆ ನಿಂಬೆಹಣ್ಣಿನ ಬೆನ್ನು ಹತ್ತಿ ಕಲಿತವಳು.

ಎಂಟನೇ ಇಯತ್ತೆಯ ಗ್ಯಾದರಿಂಗ್‌ನಲ್ಲಿ ಅವಳು ಮೊದಲ ಸಲ ಸ್ಟೇಜು ಹತ್ತಿದಳು. ವರ್ಷದ ಕೊನೆಗೆ ನಡೆಯುವ ಆ ಸಮಾರಂಭದಲ್ಲಿ ಹುಡುಗರ ಪ್ರತಿಭಾ ಪ್ರದರ್ಶನವೆಂದರೆ ಊರ ಮಂದಿ ಬಂದು ಕೂಡುತ್ತಾರೆ. ಇಡಿ ಅಡಿಕೆಯೊಂದನ್ನು ಮುಷ್ಟಿಯಲ್ಲಿಟ್ಟು ಮಾಯ ಮಾಡುವ ಸಣ್ಣ ಆಟ ಅವಳದು. ಅಡಿಕೆ ಅಂಗಿಯ ತೋಳಿನೊಳಗೆ ಜಾರಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಲಿಂಗ, “ತೋಳಿನಾಗ ಅದ, ನಾ ನೋಡೀನಿ,” ಅಂತ ಕೂಗುತ್ತ ಸ್ಟೇಜಿಗೆ ಜಿಗಿದು ಅವಳ ತೋಳು ಹಿಡಿದು ಎಳೆದ. ಹೊಲಿಗೆ ಬಿಚ್ಚಿತು. ಅಡಿಕೆ ಬಿದ್ದು ಹಲಗೆಗಳ ಮೇಲೆ ಉರುಳುತ್ತ ಹೋಯಿತು. ಮಂದಿ ನಕ್ಕರು. ಸೌಂದರ್ಯಾ ಹರಿದ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಇಳಿದು ಬಂದಳು.

ಅಷ್ಟಕ್ಕೇ ಮುಗಿದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಮುಂದಿನ ವಾರ ವರ್ಗದಲ್ಲಿ ಒಬ್ಬ ಹುಡುಗಿಯ ಬೆಳ್ಳಿ ಕಾಲ್ಗೆಜ್ಜೆ ಕಾಣದಂತಾಯಿತು. ಶಿವಲಿಂಗ ಎದ್ದು ನಿಂತು, “ಸರ್, ಮಾಯಾ ಮಾಡಾಕಿ ಇಲ್ಲೇ ಕುಂತಾಳಲ್ಲರೀ, ಆಕಿನ್ನ ಕೇಳ್ರಿ,” ಅಂದ. ಹುಡುಗರು ನಕ್ಕರು. ಮಾಸ್ತರರೂ ಮೊದಲು ನಕ್ಕರು, ಆಮೇಲೆ ಯಾಕೋ ಮುಖ ಗಂಭೀರ ಮಾಡಿಕೊಂಡು, “ಚೀಲ ತೆಗಿ,” ಅಂದರು. ಎಲ್ಲರೆದುರು ಅವಳ ಚೀಲ ಮೇಜಿನ ಮೇಲೆ ಬರಿದಾಯಿತು. ಪುಸ್ತಕ, ರೊಟ್ಟಿಯ ಡಬ್ಬಿ, ಬಾಚಣಿಗೆ, ಆಟಕ್ಕೆಂದು ಇಟ್ಟುಕೊಂಡ ಎರಡು ಅಡಿಕೆ. ಗೆಜ್ಜೆ ಇರಲಿಲ್ಲ. ಅದಾದ ಮೇಲೂ ಮಿಲ್ಲಿಗೆ ಫೋನು ಹೋಯಿತು. ಭಾಗಮ್ಮ ತಲೆಯ ಮೇಲಿನ ಬೇಳೆಯ ಧೂಳನ್ನು ಕೂಡ ಝಾಡಿಸಿಕೊಳ್ಳದೆ ಓಡಿ ಬಂದಳು. ವರ್ಗದ ಬಾಗಿಲಲ್ಲಿ ನಿಂತು ಕೈ ಜೋಡಿಸಿ, “ನಮ್ ಹುಡುಗಿ ಅಂಥಾಕಿ ಅಲ್ಲರೀ ಸರ್. ನಿಮ್ ಕಾಲ್ ಬೀಳ್ತೀನಿ, ಹೆಸರ್ ಕೆಡಸಬ್ಯಾಡ್ರಿ,” ಅಂದಳು.

ಗೆಜ್ಜೆ ಆ ಹುಡುಗಿಯ ಮನೆಯಲ್ಲೇ ಹಾಸಿಗೆಯ ಸುರುಳಿಯೊಳಗೆ ಸಿಕ್ಕಿತು. ಮರುದಿನ ಅದನ್ನು ಹಾಕಿಕೊಂಡೇ ಅವಳು ಶಾಲೆಗೆ ಬಂದಳು. ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಶಿವಲಿಂಗ ಅವತ್ತು ಇಟ್ಟ ಹೆಸರು ಮಾತ್ರ ಉಳಿಯಿತು. ಯಾರದಾದರೂ ರಬ್ಬರು ಕಳೆದರೂ ಹಿಂದಿನ ಬೆಂಚಿನಿಂದ “ಮಾಯದ ಕಳ್ಳಿ, ಚೀಲ ತೆಗಿ” ಅನ್ನುವ ದನಿ ಬರುತ್ತಿತ್ತು.

ಸೌಂದರ್ಯಾ ಅಳಲಿಲ್ಲ. ತಾಯಿ ಕೈ ಜೋಡಿಸಿ ನಿಂತದ್ದು ಮಾತ್ರ ಅವಳ ಕಣ್ಣೆದುರಿಗೆ ಕಟ್ಟಿಬಿಟ್ಟಿತ್ತು. ಊಟಕ್ಕೆ ಕೂತರೆ ಅದು, ಬಸ್ಸಿನಲ್ಲಿ ಕೂತರೆ ಅದು. ಶಿವಲಿಂಗನನ್ನು ಅದೇ ಸ್ಟೇಜಿನ ಮೇಲೆ, ಅಷ್ಟೇ ಮಂದಿಯ ಮುಂದೆ, ಅದೇ ಮಾತು ಹೇಳಿ ನಿಲ್ಲಿಸಬೇಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಮುಂದಿನ ಶನಿವಾರ ಕಮಲಾಪುರದಲ್ಲಿ ಇಳಿದವಳೇ ಸೀದಾ ಬಾಳೆಹಣ್ಣಿನ ಬುಟ್ಟಿಯ ಹತ್ತಿರ ಹೋದಳು.

“ಚಾಚಾ, ಉಂಗುರದ ಆಟಾ ಕಲಸ್ರಿ.”

“ಅಡಿಕಿ ಆಟಾನೇ ಇನ್ನಾ ಬಂದಿಲ್ಲ ಬೇಟಿ. ಉಂಗುರ ಅಂದ್ರ ಮಂದಿ ಸಾಮಾನು. ಜೀವಾ ಇಟ್ಟು ಕಲೀಬೇಕಾಗ್ತದ.”

“ಇಡ್ತೀನಿ.”

ಚಾಚಾ ಅವಳ ಮುಖ ನೋಡಿದ. ಗ್ಯಾದರಿಂಗ್‌ನಲ್ಲಿ ಆಟ ಕೆಟ್ಟದ್ದು ಆಯಿಯಿಂದ ಅವನಿಗೆ ಗೊತ್ತಾಗಿತ್ತು. ಚೀಲದ ಸುದ್ದಿ ಗೊತ್ತಿರಲಿಲ್ಲ. ಹುಡುಗಿಗೆ ಹಟ ಬಂದಿದೆ, ಒಳ್ಳೆಯದೇ ಆಯಿತು ಅಂದುಕೊಂಡ.

ಆಟ ಹೀಗೆ. ಮಂದಿಯಲ್ಲಿ ಒಬ್ಬರ ಉಂಗುರ ಕೇಳಿ ಪಡೆಯಬೇಕು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಇನ್ನೊಬ್ಬರ ಕೈಗೆ ಕೊಡಬೇಕು. ಅವರು ಬಟ್ಟೆಯ ಮೇಲಿಂದ ಮುಟ್ಟಿ ನೋಡಿ, ಉಂಗುರ ಇದೆ ಅನ್ನುತ್ತಾರೆ. ಆದರೆ ಅವರು ಮುಟ್ಟುವುದು ಕರವಸ್ತ್ರದ ಮೂಲೆಯಲ್ಲಿ ಮೊದಲೇ ಮಡಚಿ ಹೊಲಿದಿಟ್ಟ ಕಬ್ಬಿಣದ ವಾಶರ್. ನಿಜವಾದ ಉಂಗುರ ಆಗಲೇ ಜಾದೂಗಾರನ ಅಂಗೈಯ ಮಡಿಕೆಯಲ್ಲಿರುತ್ತದೆ. ಕರವಸ್ತ್ರ ಝಾಡಿಸಿದರೆ ಉಂಗುರ ಮಾಯ. ಕೊನೆಗೆ ಚಾಚಾ ಅದನ್ನು ಎಲ್ಲರೆದುರು ಇಟ್ಟಿದ್ದ ಬಾಳೆಹಣ್ಣಿನೊಳಗಿಂದ ತೆಗೆಯುತ್ತಿದ್ದ. ಸಿಪ್ಪೆ ಸುಲಿದು, ಅಂಗೈಯ ಉಂಗುರವನ್ನು ಒಳಗೊತ್ತುತ್ತಲೇ ಹಣ್ಣು ಮುರಿದು, ಉಂಗುರ ತೊಳೆದು, ಅವರವರಿಗೆ ಕೊಟ್ಟು ಸಲಾಮು ಮಾಡುತ್ತಿದ್ದ. ಸಂತೆಯ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ.

“ಕೈಗಿ ಏನರ ಕಲಸಬಹುದು,” ಅನ್ನುತ್ತಿದ್ದ ಚಾಚಾ. “ಕಣ್ಣಿಗಿ ಕಲಸೂದೇ ಕಠಿಣ. ಉಂಗುರ ಇದ್ದ ಕೈ ಕಡಿ ನಿನ್ನ ಕಣ್ಣು ಹೋತಂದ್ರ ಮಂದಿ ಕಣ್ಣೂ ಹೋಗ್ತದ.”

ಸೌಂದರ್ಯಾ ಆಯಿಯ ಒಂದು ಹಿತ್ತಾಳೆ ಉಂಗುರವನ್ನು ಅಂಗೈಯಲ್ಲಿ ಇಟ್ಟುಕೊಂಡೇ ಬದುಕಲು ಕಲಿತಳು. ಅದು ಬೀಳದಂತೆ ಕೊಡ ಹೊತ್ತಳು, ಪಾಠ ಬರೆದಳು, ತಲೆ ಬಾಚಿಕೊಂಡಳು. ರೊಟ್ಟಿ ಬಡಿಯುವಾಗ ಮಾತ್ರ ಅದು ಹಿಟ್ಟಿನೊಳಗೆ ಸೇರಿ ಭಾಗಮ್ಮನ ಹಲ್ಲಿಗೆ ಸಿಕ್ಕಿತು, ಬೈಗುಳವೂ ಬಿತ್ತು. ಇನ್ನೊಂದು ಕೆಲಸವನ್ನು ಚಾಚಾ ಹೇಳಿಕೊಟ್ಟಿರಲಿಲ್ಲ. ಅದನ್ನು ಅವಳು ತಾನೇ ಕಲಿತಳು. ಕಮಲಾಪುರದ ಬಸ್ಸಿನ ಗದ್ದಲದಲ್ಲಿ ನಿಂತು, ಪಕ್ಕದವರ ಕಿಸೆಯೊಳಗೆ ಅವರಿಗೆ ತಿಳಿಯದ ಹಾಗೆ ಒಂದು ಹುಣಸೆ ಬೀಜ ಹಾಕುವುದು. ಮೊದಮೊದಲು ಬೀಜ ಕಿಸೆಯ ಅಂಚಿಗೆ ತಾಗಿ ಕೆಳಗೆ ಬೀಳುತ್ತಿತ್ತು. ಒಬ್ಬ ಮುದುಕ ಗಪ್ಪನೆ ಅವಳ ಮಣಿಕಟ್ಟು ಹಿಡಿದು, ಕಿಸೆಯಿಂದ ಏನೂ ಹೋಗಿರದೆ ಹುಣಸೆ ಬೀಜವೊಂದು ಸೇರಿದ್ದು ಕಂಡು, ಇವಳಿಗೆ ತಲೆ ಸರಿಯಿಲ್ಲವೆಂದು ಬಿಟ್ಟುಬಿಟ್ಟ. ಮಳೆಗಾಲ ಕಳೆಯುವ ಹೊತ್ತಿಗೆ ಆ ದಾರಿಯ ಎಷ್ಟೋ ಮಂದಿ ಮನೆಗೆ ಹೋಗಿ ಅಂಗಿ ಬಿಚ್ಚುವಾಗ ಕಿಸೆಯಲ್ಲಿ ಹುಣಸೆ ಬೀಜ ಕಂಡು ತಲೆ ಕೆರೆದುಕೊಂಡಿರಬೇಕು.

ಆಮೇಲೆ ಅವಳು ಶಿವಲಿಂಗನ ಮೇಲೆ ಕೈ ಪಳಗಿಸಿದಳು. ಪ್ರಾರ್ಥನೆಗೆ ಸಾಲು ನಿಲ್ಲುವಾಗ, ನೀರಿನ ನಳದ ಹತ್ತಿರ ನೂಕಾಡುವಾಗ ಒಂದೊಂದು ಬೀಜ ಹಾಕುವಳು. ಪಾಠದ ನಡುವೆ ಅವನು ಕಿಸೆಗೆ ಕೈ ಹಾಕಿ, ಬೀಜ ತೆಗೆದು, ಅತ್ತಿತ್ತ ತಿರುಗಿಸಿ ನೋಡಿ ಕಿಟಕಿಯಿಂದಾಚೆ ಎಸೆಯುವುದನ್ನು ಅವಳು ತನ್ನ ಬೆಂಚಿನಿಂದ ನೋಡುತ್ತಿದ್ದಳು. ಆ ಹೊತ್ತಿಗೆ ಬಿಸಿಲಲ್ಲಿ ತಣ್ಣೀರು ಕುಡಿದಷ್ಟು ಹಿತವಾಗುತ್ತಿತ್ತು. ಅವನ ಸ್ವಭಾವವನ್ನೂ ಅವಳು ಓದಿಕೊಂಡಳು. ಗುಟ್ಟು ತನಗೆ ತಿಳಿಯಿತು ಅನ್ನಿಸಿದರೆ ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಯಾರಿಗಿಂತಲೂ ಮೊದಲು, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡಬೇಕು.

ಆ ವರ್ಷದ ಗ್ಯಾದರಿಂಗ್‌ನ ಹೊಣೆ ಹೊಸದಾಗಿ ಬಂದಿದ್ದ ಅಫ್ರೀನ್ ಟೀಚರ್ ಮೇಲೆ ಬಿದ್ದಿತ್ತು. ಅವರಿಗೆ ಹಳೆಯ ಸುದ್ದಿ ಗೊತ್ತಿರಲಿಲ್ಲ. ಆಯ್ಕೆಯ ದಿನ ಸೌಂದರ್ಯಾ ಬಾಳೆಹಣ್ಣಿನಿಂದಲೇ ಉಂಗುರ ತೆಗೆದು ತೋರಿಸಿದಳು. ಟೀಚರ್ ಬೆರಗಾಗಿ, “ಆ ದಿನ ನನ್ನ ಉಂಗುರಾನೇ ತಗೊ, ಬ್ಯಾರೆಯವರದು ಬ್ಯಾಡ,” ಅಂದರು. ಕಾರ್ಯಕ್ರಮ ನಿರೂಪಣೆಗೆ ಶಿವಲಿಂಗನನ್ನು ಆರಿಸಿದರು. ಅವನ ದನಿ ಗಟ್ಟಿ, ಮಾತೂ ಸ್ಪಷ್ಟ. ಮೈಕು ಹಿಡಿದು ಇಡೀ ಕಾರ್ಯಕ್ರಮ ಸ್ಟೇಜಿನ ಮೇಲೆ ಇರುವವನು ಅವನೇ. ಅವನ ತಂದೆ ಅಣ್ಣಾರಾವ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮಗನಿಗೆ ಅಂತ ಹೊಸ ಕೋಟು ಹೊಲಿಸಿದರು. ರಿಹರ್ಸಲ್ಲಿಗೆ ಅದನ್ನು ಹಾಕಿಕೊಂಡು ಬಂದಾಗ ಸೌಂದರ್ಯಾ ನೋಡಿದ್ದು ಕೋಟಿನ ಬಣ್ಣವನ್ನಲ್ಲ. ಎರಡೂ ಬದಿಗೆ ಬಾಯಿ ತೆರೆದು ನಿಂತ ಅಗಲವಾದ ಕಿಸೆಗಳನ್ನು.

ಗ್ಯಾದರಿಂಗ್ ದಿನ ವಹಾಬ್ ಚಾಚಾ ಕಮಲಾಪುರದಿಂದ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಪೈಜಾಮ ಹಾಕಿದ್ದ. ಆಟಕ್ಕೆಂದು ತನ್ನ ಬುಟ್ಟಿಯಿಂದ ಆರಿಸಿದ ಒಂದು ಕೆಂಪು ಬಾಳೆಹಣ್ಣನ್ನು ಕಾಗದದಲ್ಲಿ ಸುತ್ತಿ ತಂದು ಸೌಂದರ್ಯಾಳ ಕೈಗೆ ಕೊಟ್ಟ. ಭಾಗಮ್ಮನ ಪಕ್ಕದ ಕುರ್ಚಿಯಲ್ಲಿ ಕೂತ.

“ಈಗ ನಮ್ಮ ಸೌಂದರ್ಯಾ,” ಅಂತ ಶಿವಲಿಂಗ ಮೈಕಿನಲ್ಲಿ ಕರೆದ. “ಹೋದ ವರ್ಷದ ಅಡಿಕಿ ಇನ್ನಾ ಸ್ಟೇಜ್ ಮ್ಯಾಲೇ ಅದ ನೋಡ್ರಿ, ಎಡವಿ ಬಿದ್ದೀರಿ.”

ಮಂದಿ ನಕ್ಕರು. ಸೌಂದರ್ಯಾ ಕೂಡ ನಕ್ಕಳು. ಅಂಗಿಯ ಎರಡೂ ತೋಳುಗಳನ್ನು ಮೊಣಕೈ ಮೇಲೆ ಮಡಚಿ ತೋರಿಸಿದಳು. ಅಫ್ರೀನ್ ಟೀಚರ್ ಕೆಳಗಿನಿಂದ ಉಂಗುರ ಕೊಟ್ಟರು. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಶಿವಲಿಂಗನ ಮುಂದೆ ಹಿಡಿದಳು.

“ಗಟ್ಟಿ ಹಿಡಿ. ಉಂಗುರ ಅದ?”

“ಅದ.”

“ಮಂದಿಗಿ ಹೇಳು.”

“ಅದರೀ,” ಅಂತ ಅವನು ಮೈಕಿನಲ್ಲಿ ಹೇಳಿದ.

“ಇತ್ತ ಮುಂದಕ ಬಾ, ಎಲ್ಲಾರಿಗಿ ಕಾಣ್ಲಿ.” ಅವನ ಮೊಣಕೈ ಹಿಡಿದು ಮುಂದಕ್ಕೆ ಕರೆತಂದಳು. ಆ ಎರಡು ಹೆಜ್ಜೆಯೊಳಗೇ ಉಂಗುರ ಕೋಟಿನ ಕಿಸೆ ಸೇರಿತು. ಆಮೇಲೆ ತನ್ನ ಎಡಗೈ ಮುಷ್ಟಿಯನ್ನು ಕಳ್ಳರ ಹಾಗೆ ಬೆನ್ನ ಕಡೆಗೆ ಸರಿಸಿದಳು, ಅವನೊಬ್ಬನಿಗೆ ಕಾಣುವಷ್ಟು. ಕರವಸ್ತ್ರದ ತುದಿ ಹಿಡಿದು ಝಾಡಿಸಿದಳು. ಬಟ್ಟೆ ಬರಿದಾಗಿ ತೂಗಾಡಿತು.

ಶಿವಲಿಂಗನ ಮುಖ ಅರಳಿತು. “ಎಡಗೈದಾಗ ಅದ,” ಅಂತ ಮೈಕಿನಲ್ಲೇ ಕೂಗಿದ. “ಈ ಸಲಾನೂ ಸಿಕ್ಕಬಿದ್ದಾಳ ನೋಡ್ರಿ. ಕೈ ತೆಗಿ.”

ಹಿಂದಿನ ಸಾಲಿನ ಹುಡುಗರು “ಕೈ ತೆಗಿ” ಅಂತ ದನಿಗೂಡಿಸಿದರು. ಸೌಂದರ್ಯಾ ಅವರೆಲ್ಲ ಸಾಕಷ್ಟು ಕೂಗಲಿ ಅಂತ ಬಿಟ್ಟಳು. ಆಮೇಲೆ ಮೆಲ್ಲಗೆ ಎಡಗೈ ಬಿಚ್ಚಿದಳು. ಏನೂ ಇರಲಿಲ್ಲ. ಬಲಗೈ ಬಿಚ್ಚಿದಳು. ಅಲ್ಲಿಯೂ ಇಲ್ಲ. ಕೂಗುತ್ತಿದ್ದ ಹುಡುಗರು ನೋಡಲು ಎದ್ದು ನಿಂತರು.

ಈಗ ಬಾಳೆಹಣ್ಣಿನ ಸರದಿ. ಅದು ಮೇಜಿನ ಮೇಲೆ ಇತ್ತು. ಚಾಚಾ ಕುರ್ಚಿಯ ತುದಿಗೆ ಬಂದು ಕೂತಿದ್ದ. ಸೌಂದರ್ಯಾ ಅದರ ಕಡೆ ನೋಡಲೇ ಇಲ್ಲ. ಶಿವಲಿಂಗನ ಕೈಯಿಂದ ಮೈಕು ತೆಗೆದುಕೊಂಡಳು.

“ಟೀಚರ್ ಉಂಗುರ ಕಳದದ. ನಮ್ ಶಾಲ್ಯಾಗ ಏನರ ಕಳದ್ರ ಒಂದ ಪದ್ಧತಿ ಅದರೀ. ಹೋದ ವರ್ಷ ಕಾಲ್ಗೆಜ್ಜಿ ಕಳದಾಗ ನನಗ ಎಲ್ಲಾರ ಮುಂದ ‘ಚೀಲ ತೆಗಿ’ ಅಂದ್ರು. ತೆಗದೆ. ಏನೂ ಸಿಗಲಿಲ್ಲ.” ಶಿವಲಿಂಗನ ಕಡೆ ತಿರುಗಿದಳು. “ಶಿವಲಿಂಗ, ಈಗ ನೀ ಕಿಸೆ ತೆಗಿ.”

ಅವನು ನಗಲು ನೋಡಿದ. ಕೋಟಿನ ಕಿಸೆಗೆ ಕೈ ಹಾಕಿದ. ಬೆರಳಿಗೆ ಅದು ತಾಗಿದ್ದು ಅವನ ಮುಖದಲ್ಲೇ ಕಂಡಿತು. ಕೈ ಹೊರಗೆ ತೆಗೆಯಲಿಲ್ಲ.

“ತೆಗಿ,” ಅಂದಳು ಸೌಂದರ್ಯಾ. “ನಮ್ ಅವ್ವ ಇಲ್ಲೇ ಕುಂತಾಳ. ಆಕಿಗೂ ಕಾಣ್ಲಿ.”

ಅವನು ಉಂಗುರ ತೆಗೆದ. ಯಾರೋ ಹಿಂದಿನಿಂದ “ಕಳ್ಳ” ಅಂದರು. ಒಬ್ಬ ಅಂದದ್ದನ್ನು ಹತ್ತು ಮಂದಿ ಹಿಡಿದರು, ಆಮೇಲೆ ಸಾಲಿಗೆ ಸಾಲೇ ಚಪ್ಪಾಳೆ ಹಾಕುತ್ತ “ಕಳ್ಳ, ಕಳ್ಳ” ಅಂತ ಕೂಗತೊಡಗಿತು. ದೊಡ್ಡವರು ಬಿದ್ದು ಬಿದ್ದು ನಗುತ್ತಿದ್ದರು. ಇದು ಆಟ ಅಂತ ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷದ್ದೂ ಕೆಲವರಿಗೆ ಆಟವೇ ಆಗಿತ್ತು. ಸೌಂದರ್ಯಾ ಉಂಗುರವನ್ನು ಟೀಚರ್ ಕೈಗೆ ಕೊಟ್ಟು ನಮಸ್ಕಾರ ಮಾಡಿದಳು. ಟೀಚರ್ ಉಂಗುರ ತೆಗೆದುಕೊಂಡರು, ಚಪ್ಪಾಳೆ ತಟ್ಟಲಿಲ್ಲ.

ಪರದೆಯ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಅಣ್ಣಾರಾವ ಮಗನ ಕೊರಳಪಟ್ಟಿ ಹಿಡಿದು ನಿಂತಿದ್ದರು. “ಮುಂದಿನ ಸಾಲಿನಾಗ ಕುಂತಿದ್ದೆ ನಾ. ನಾಕ ಮಂದ್ಯಾಗ ನನ್ ಮಾರಿ ಮಣ್ಣ ಮಾಡಿದಿ. ಒಂದ ಹುಡುಗಿ ನಿನ್ನ ಮಂಗ್ಯಾ ಮಾಡಿ ಕುಣಸ್ತದ,” ಅಂತ ಹೇಳಿ ಕೆನ್ನೆಗೆ ಹೊಡೆದರು. ಸೌಂದರ್ಯಾ ಸಾಮಾನು ಕಟ್ಟಿಕೊಳ್ಳುತ್ತ ಅಲ್ಲೇ ಇದ್ದಳು. ಮೊದಲ ಪೆಟ್ಟಿಗೆ ಅವಳಿಗೆ ಹಿತವೆನಿಸಿತು. ಶಿವಲಿಂಗ ಕೈ ಅಡ್ಡ ತರಲಿಲ್ಲ, ತಲೆಯನ್ನಷ್ಟೇ ಒಂದು ಬದಿಗೆ ಓರೆ ಮಾಡಿ ಕಣ್ಣು ಮುಚ್ಚಿಕೊಂಡು ನಿಂತ. ಇದು ಅವನಿಗೆ ಹೊಸದಲ್ಲ ಅನ್ನುವುದು ಆ ನಿಲುವಿನಲ್ಲೇ ಗೊತ್ತಾಗುತ್ತಿತ್ತು. ಅಣ್ಣಾರಾವ ಮತ್ತೆ ಕೈ ಎತ್ತಿದಾಗ ಸೌಂದರ್ಯಾ ಅಲ್ಲಿಂದ ಸರಿದು ಹೊರಗೆ ಬಂದಳು.

ಹೊರಗೆ ಚಾಚಾ ಒಬ್ಬನೇ ನಿಂತಿದ್ದ.

“ಕೈ ಚಲೋ ಅದ ಬೇಟಿ,” ಅಂದ. “ನಂದು ನಿನ್ನ ವಯಸ್ಸಿನಾಗ ಇಷ್ಟು ಚಲೋ ಇರಲಿಲ್ಲ. ಖರೆ ನಾ ಕಲಿಸಿದ್ದು ಇದಲ್ಲ.”

“ಅವ ನಮ್ಮವ್ವಗ ಏನ್ ಮಾಡ್ಯಾನ ನಿಮಗ ಗೊತ್ತಿಲ್ಲ ಚಾಚಾ.”

“ಈಗ ನಿಮ್ಮವ್ವ ಹೇಳಿದಳಲ್ಲ, ಗೊತ್ತಾತು. ಮೊದಲೇ ಗೊತ್ತಿದ್ರ ಕಲಸ್ತಿರಲಿಲ್ಲ.”

“ಅದಕ್ಕೇ ಹೇಳಲಿಲ್ಲ,” ಅಂದಳು ಸೌಂದರ್ಯಾ.

ಚಾಚಾ ತಲೆಯಾಡಿಸಿ ಬಸ್‌ಸ್ಟಾಂಡಿನ ಕಡೆಗೆ ಹೊರಟ. ಮುಂದಿನ ಶನಿವಾರಗಳಲ್ಲಿ ಅವಳು ಕಮಲಾಪುರಕ್ಕೆ ಹೋದರೆ ಮಾತಾಡಿಸುತ್ತಿದ್ದ, ಹಣ್ಣೂ ಕೊಡುತ್ತಿದ್ದ. ಹೊಸದೇನನ್ನೂ ಕಲಿಸಲಿಲ್ಲ. ಅವಳೂ ಕೇಳಲಿಲ್ಲ.

ಶಾಲೆಯಲ್ಲಿ ‘ಮಾಯದ ಕಳ್ಳಿ’ ಮರುದಿನದಿಂದಲೇ ಮಾಯವಾಯಿತು. ಶಿವಲಿಂಗ ನಾಲ್ಕೈದು ದಿನ ಬರಲಿಲ್ಲ. ಬಂದ ದಿನ ಬೋರ್ಡಿನ ಮೇಲೆ ‘ಉಂಗುರ ಕಳ್ಳ’ ಅಂತ ಬರೆದಿತ್ತು. ಬರೆದವರು ಹೋದ ವರ್ಷ ಸೌಂದರ್ಯಾಗೆ ಕೂಗುತ್ತಿದ್ದವರೇ. ಅವನು ಅದನ್ನು ಅಳಿಸಲೂ ಇಲ್ಲ, ತಿರುಗಿ ಬೈಯಲೂ ಇಲ್ಲ. ಸೌಂದರ್ಯಾ ನೋಡಿದಳು. ಅಳಿಸಲು ಅವಳೂ ಏಳಲಿಲ್ಲ.

ಒಂದು ಸಂಜೆ ಅವನು ಬಸ್‌ಸ್ಟಾಪಿನಲ್ಲಿ ಅವಳ ಎದುರಿಗೆ ಬಂದು ನಿಂತ.

“ನೀ ಗೆದ್ದಿ. ಸಾಕಾತಲ್ಲ?”

“ಸಾಕಾಗಿಲ್ಲ.”

“ಮತ್ತೇನ್ ಮಾಡ್ಬೇಕಂತಿ? ನಮ್ಮಪ್ಪ ಇನ್ನಾ ನನ್ನ ಕೂಡ ಮಾತಾಡವಲ್ಲ. ಅಂಗಡಿಗಿ ಬಂದ ಗಿರಾಕಿ ಮುಂದ ಅದನ್ನೇ ತೆಗದು ಬೈತಾನ.”

“ನಮ್ಮವ್ವ ಕೈ ಮುಗದು ನಿಂತಾಗ ನೀ ನಕ್ಕಿದ್ದಿ. ನಾ ನೋಡೀನಿ.”

ಶಿವಲಿಂಗ ಚಪ್ಪಲಿಯಿಂದ ಮಣ್ಣು ಕೆದರಿದ. “ನಕ್ಕಿದ್ದೆ,” ಅಂದ.

“ನನಗ ಹೇಳಿ ಏನ್ ಬಂತು? ಎಲ್ಲಾರ ಮುಂದ ಹೇಳು. ಪ್ರಾರ್ಥನಾದಾಗ ವಾರ್ತೆ ಓದ್ತೀಯಲ್ಲ, ಅಲ್ಲಿ ಹೇಳು. ಅಲ್ಲೀತನಕ ನಾ ನಿನ್ನ ಕೂಡ ಮಾತಾಡಾಕಿ ಅಲ್ಲ.”

“ಹೇಳಿದ್ರ ಇವ್ರು ಇನ್ನಾ ಜಾಸ್ತಿ ನಗ್ತಾರ.”

“ನಗ್ತಾರ,” ಅಂದಳು ಅವಳು. “ನನಗೂ ಒಂದ ವರ್ಷ ನಕ್ಕಾರ.” ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದಳು.

ಅವನು ಹೇಳುತ್ತಾನೆ ಅಂತ ಅವಳಿಗೆ ನಂಬಿಕೆ ಇರಲಿಲ್ಲ. ಆ ವಾರ ಹಾಗೇ ಹೋಯಿತು. ಮುಂದಿನ ಸೋಮವಾರ ಪ್ರಾರ್ಥನೆಯಲ್ಲಿ ಶಿವಲಿಂಗ ಎಂದಿನಂತೆ ವಾರ್ತೆ ಓದಿದ. ಹವಾಮಾನ ಓದಿದ ಮೇಲೆ ಕಾಗದ ಮಡಚಿ ಕಿಸೆಯಲ್ಲಿಟ್ಟು, ಇಳಿಯದೆ ಹಾಗೇ ನಿಂತ.

“ಇನ್ನೊಂದದ,” ಅಂದ. ಆ ಗಟ್ಟಿ ದನಿ ಸಣ್ಣಗಾಗಿತ್ತು. “ಹೋದ ವರ್ಷ ಸೌಂದರ್ಯಾನ ಚೀಲ ತೆಗಿಸಿದ್ದು ನಾನು. ಆಕಿ ಏನೂ ಕದ್ದಿರಲಿಲ್ಲ. ಗೆಜ್ಜಿ ಮನ್ಯಾಗೇ ಸಿಕ್ಕಿತ್ತು, ನಮಗೆಲ್ಲಾ ಗೊತ್ತಿತ್ತು. ಆಕಿ ಅವ್ವಗ ಸುಮ್ಕ ಕರಸಿದ್ರು. ನಂದು ತಪ್ಪದ.”

ಯಾರೂ ನಗಲಿಲ್ಲ. ಚೀಲ ಬರಿದು ಮಾಡಿದ್ದ ಮಾಸ್ತರರು ಧ್ವಜದ ಕಂಬದ ಕಡೆ ನೋಡುತ್ತ ನಿಂತರು. ಅಫ್ರೀನ್ ಟೀಚರ್ ಅವರ ಮುಖ ನೋಡಿದರು, ಆಮೇಲೆ ಸೌಂದರ್ಯಾಳ ಕಡೆ ನೋಡಿದರು. ಸೌಂದರ್ಯಾ ಸಾಲಿನಲ್ಲಿ ನೆಟ್ಟಗೆ ನಿಂತಿದ್ದಳು. ಅವಳಿಗೆ ಶಿವಲಿಂಗನ ಮೇಲೆ ಕರುಣೆ ಬರಲಿಲ್ಲ. ಬರಬೇಕಾಗಿತ್ತೋ ಏನೋ ಅಂತ ಮುಂದೆ ಎಷ್ಟೋ ಸಲ ಯೋಚಿಸಿದ್ದಾಳೆ. ಆ ಕ್ಷಣಕ್ಕೆ ಮಾತ್ರ, ಇದನ್ನು ಅವ್ವ ಕೇಳಬೇಕಾಗಿತ್ತು ಅಂತಷ್ಟೇ ಅನಿಸಿತು.

ಈಗ ಅವಳು ಹತ್ತನೇ ಇಯತ್ತೆಯಲ್ಲಿದ್ದಾಳೆ. ಶಿವಲಿಂಗ ಅದೇ ವರ್ಗದಲ್ಲಿದ್ದಾನೆ. ಇಬ್ಬರೂ ಗೆಳೆಯರಾಗಿಲ್ಲ, ಪುಸ್ತಕ ಬೇಕಾದರೆ ಕೇಳಿ ತೆಗೆದುಕೊಳ್ಳುವಷ್ಟು ಮಾತಿದೆ. ಮಾಸ್ತರರು ಇಂದಿಗೂ ಆ ಸುದ್ದಿ ಎತ್ತಿಲ್ಲ. ಚಾಚಾ ದೀಪಾವಳಿ ರಜೆಯಲ್ಲಿ ತಾನಾಗಿಯೇ ಕರೆದು ಹಗ್ಗದ ಆಟ ಶುರು ಮಾಡಿಸಿದ.

ಪ್ರಾರ್ಥನೆಯ ಸುದ್ದಿಯನ್ನು ಅವಳು ಅವತ್ತೇ ಸಂಜೆ ಮಿಲ್ಲಿನ ಗೇಟಿಗೆ ಹೋಗಿ ತಾಯಿಗೆ ಹೇಳಿದ್ದಳು. ಭಾಗಮ್ಮ ನಡುರಸ್ತೆಯಲ್ಲೇ ನಿಂತು ಕೇಳಿದಳು. ಮನೆಗೆ ಬಂದು ಒಲೆ ಹಚ್ಚಿ, ರೊಟ್ಟಿಗೆ ಹಿಟ್ಟು ನಾದುತ್ತ, “ಇನ್ನೊಮ್ಮೆ ಹೇಳು,” ಅಂದಳು. ಸೌಂದರ್ಯಾ ಗ್ಯಾದರಿಂಗ್‌ನಿಂದ ಹಿಡಿದು ಪೂರಾ ಹೇಳಿದಳು. ಮರುದಿನ ಪಕ್ಕದ ಮನೆಯವಳು ಕೂತಾಗ ಭಾಗಮ್ಮ ಮತ್ತೆ ಹೇಳಿಸಿದಳು. ತಾನೇ ಎದುರಿಗೆ ಕೂತು ನೋಡಿದ್ದರೂ, “ಕಿಸೆ ತೆಗಿ” ಅನ್ನುವಲ್ಲಿಗೆ ಬಂದಾಗ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮಗಳಿಗೆ ಮೆಲ್ಲಗೆ ಅಂದಳು:

“ಆ ಹುಡುಗಗ ಅವರಪ್ಪ ಹೊಡದದ್ದು ಒಂದ ಬಿಟ್ಟ ಹೇಳವ್ವ. ಉಳದದ್ದೆಲ್ಲಾ ಹೇಳು.”

“ಬಿಡಾಕ ಬರಂಗಿಲ್ಲವ್ವ,” ಅಂದಳು ಸೌಂದರ್ಯಾ. “ಅದೂ ಆಗ್ಯದ.” ಪಕ್ಕದ ಮನೆಯವಳಿಗೆ ಅದನ್ನೂ ಸೇರಿಸಿಯೇ ಹೇಳಿದಳು.